ಚಿಕಿತ್ಸಾಲಯದಲ್ಲಿ ಹಕ್ಕಿಯನ್ನು ಕೆಲವು ದಿನ ಬಿಟ್ಟುಹೋದರೆ ರೋಗ ತಗಲುವ ಭಯ ಎಷ್ಟು?

ಹಳದಿಜುಟ್ಟು:

ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು 12 ದಿನ ನಮ್ಮ ಮನೆಯಲ್ಲಿ ಯಾರೂ ಇರುವುದಿಲ್ಲ. ನಮ್ಮಲ್ಲಿ ಆರು ವರ್ಷದ ಒಂದು ಕಾಕಟೀಲ್ ಮತ್ತು ಎರಡು ಬಡ್ಜಿಗಳಿವೆ (ಎರಡೂ ಸಣ್ಣ ಜಾತಿಯ ಸಾಕುಗಿಳಿಗಳು). ನಾವು ಯಾವಾಗಲೂ ತೋರಿಸುವ ಪಶುಚಿಕಿತ್ಸಾಲಯದಲ್ಲಿ ಹಕ್ಕಿಗಳನ್ನು ಇರಿಸಿಕೊಳ್ಳುವ ವ್ಯವಸ್ಥೆ ಇದೆ. ವೈದ್ಯರು ಪಕ್ಕದಲ್ಲೇ ಇರುತ್ತಾರೆಂಬ ಧೈರ್ಯದಿಂದ ಅಲ್ಲಿಯೇ ಬಿಡೋಣವೆಂದುಕೊಂಡಿದ್ದೆ.

ಮೊನ್ನೆ ಜಾಗ ನೋಡಲು ಹೋದಾಗ ಮನಸ್ಸು ಹಿಂಜರಿಯಿತು. ಬಿಟ್ಟುಹೋದ ಹಕ್ಕಿಗಳ ಪಂಜರಗಳನ್ನು ಒಂದು ಗೋಡೆಗೆ ಸಾಲಾಗಿ ಇಟ್ಟಿದ್ದರು. ಎದುರಿನ ಗೋಡೆಯ ಬಳಿ, ಚಿಕಿತ್ಸೆಗೆಂದು ಸೇರಿಸಿಕೊಂಡಿದ್ದ ಒಂದು ಗಿಳಿ ಮೈಯ ಗರಿಗಳನ್ನೆಲ್ಲ ಉಬ್ಬಿಸಿಕೊಂಡು, ಕಣ್ಣನ್ನು ಅರೆ ಮುಚ್ಚಿ ಕುಳಿತಿತ್ತು. ನಡುವೆ ಆರೇಳು ಅಡಿಯ ಅಂತರವಿರಬಹುದು. ಕೋಣೆಗೆಲ್ಲ ಒಂದೇ ಎ.ಸಿ.; ಅದರ ಜಾಲರಿಯ ಮೇಲೆ, ಕಾಕಟೀಲ್ ಸಾಕಿದವರಿಗೆಲ್ಲ ಪರಿಚಿತವಾದ ಆ ಬಿಳಿ ಪುಡಿ ಬೆರಳಿನಿಂದ ಗೆರೆ ಎಳೆಯಬಹುದಾದಷ್ಟು ದಪ್ಪಗೆ ಕೂತಿತ್ತು. ಕೇಳಿದಾಗ ಸಿಬ್ಬಂದಿಯವರು, “ದಿನವೂ ನೆಲ ಒರೆಸುತ್ತೇವೆ, ಪಂಜರಗಳು ಒಂದಕ್ಕೊಂದು ತಾಗುವುದಿಲ್ಲ, ಹೆದರಬೇಡಿ” ಎಂದರು. ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಆದರೆ ಪಂಜರ ತಾಗದಿದ್ದರೆ ಅಷ್ಟೇ ಸಾಕೇ? ಯಾವ ರೋಗಗಳ ಬಗ್ಗೆ ನಾನು ನಿಜಕ್ಕೂ ಚಿಂತಿಸಬೇಕು ಎಂಬುದನ್ನು ತಿಳಿದವರು ದಯವಿಟ್ಟು ಹೇಳಬೇಕು.

ಪಕ್ಷಿವೈದ್ಯೆ:

ನೀವು ಜಾಲರಿಯ ಮೇಲಿನ ಪುಡಿಯನ್ನು ಗಮನಿಸಿದ್ದೀರಲ್ಲ, ನಿಮ್ಮ ಪ್ರಶ್ನೆಗೆ ಉತ್ತರ ಬಹುಪಾಲು ಅಲ್ಲೇ ಇದೆ. ಆ ಪುಡಿ ಗರಿಗಳಿಂದ ಉದುರಿದ್ದು. ಅದರೊಂದಿಗೆ ಒಣಗಿದ ಹಿಕ್ಕೆಯ ಸೂಕ್ಷ್ಮ ಕಣಗಳೂ ಗಾಳಿಯಲ್ಲಿ ತೇಲುತ್ತಿರುತ್ತವೆ. ಹಕ್ಕಿಗಳ ಮುಖ್ಯವಾದ ಸೋಂಕುಗಳಲ್ಲಿ ಹಲವು ಹರಡುವುದು ಈ ಪುಡಿ ಮತ್ತು ಹಿಕ್ಕೆಯ ಮೂಲಕವೇ ಹೊರತು ಒಂದು ಹಕ್ಕಿ ಇನ್ನೊಂದನ್ನು ಮುಟ್ಟಬೇಕಾಗಿಯೇ ಇಲ್ಲ. ಒಂದೇ ಗಾಳಿಯನ್ನು ಉಸಿರಾಡುವ ಹಕ್ಕಿಗಳು ಎಷ್ಟು ಅಡಿ ದೂರದಲ್ಲಿದ್ದರೂ ರೋಗದ ಲೆಕ್ಕದಲ್ಲಿ ಒಂದೇ ಪಂಜರದಲ್ಲಿದ್ದಂತೆ ಎಂದು ನಾನು ಭಾವಿಸುತ್ತೇನೆ.

ಮೊದಲನೆಯದು ಸಿಟ್ಟಕೋಸಿಸ್, ಅಂದರೆ ಕ್ಲಮಿಡಿಯಾ ಸಿಟ್ಟಾಸಿ ಎಂಬ ಬ್ಯಾಕ್ಟೀರಿಯಾದಿಂದ ಬರುವ ಗಿಳಿಜ್ವರ. ಕಾಕಟೀಲ್ ಮತ್ತು ಬಡ್ಜಿಗಳಲ್ಲಿ ಇದು ಅಪರೂಪವಲ್ಲ. ಸೋಂಕಿರುವ ಹಕ್ಕಿ ತಿಂಗಳುಗಟ್ಟಲೆ ಆರೋಗ್ಯವಾಗಿಯೇ ಕಾಣಬಹುದು. ಜಾಗ ಬದಲಾದಾಗ, ಒಡೆಯರು ಕಾಣದಿದ್ದಾಗ, ನಾಯಿಗಳ ಬೊಗಳಿಕೆ ಕೇಳಿದಾಗ ಅದರ ರೋಗನಿರೋಧಕ ಶಕ್ತಿ ಕುಗ್ಗಿ, ರೋಗಾಣು ಹಿಕ್ಕೆಯಲ್ಲೂ ಮೂಗಿನ ಸ್ರಾವದಲ್ಲೂ ಹೊರಬೀಳತೊಡಗುತ್ತದೆ. ಹೊಸ ಜಾಗದಲ್ಲಿ ಕೆಲವು ದಿನ ಇರುವ ಹಕ್ಕಿಯ ಸ್ಥಿತಿ ನಿಖರವಾಗಿ ಇದೇ ಆಗಿರುತ್ತದೆ. ಒಣಗಿದ ಹಿಕ್ಕೆಯಲ್ಲಿ ಈ ರೋಗಾಣು ತಿಂಗಳುಗಳವರೆಗೆ ಬದುಕಬಲ್ಲದು. 1929-30ರಲ್ಲಿ ದಕ್ಷಿಣ ಅಮೆರಿಕದಿಂದ ಹಡಗುಗಳಲ್ಲಿ ಸಾಗಿಸಿದ ಗಿಳಿಗಳ ಮೂಲಕ ಇದು ಅಮೆರಿಕ, ಯುರೋಪುಗಳ ಮನೆಗಳಿಗೆ ನುಗ್ಗಿ ಮನುಷ್ಯರ ಪ್ರಾಣವನ್ನೂ ತೆಗೆದದ್ದಕ್ಕೆ, ಇಕ್ಕಟ್ಟಿನಲ್ಲಿ ಬಳಲಿದ ಹಕ್ಕಿಗಳನ್ನು ಒಟ್ಟಿಗೆ ತುಂಬಿದ್ದೂ ಒಂದು ಕಾರಣ.

ಎರಡನೆಯದು ಕೊಕ್ಕು ಮತ್ತು ಗರಿಗಳ ರೋಗ, ಪಿಬಿಎಫ್‌ಡಿ. ಇದು ಸರ್ಕೋವೈರಸ್‌ನಿಂದ ಬರುತ್ತದೆ. ಕಾಕಟೀಲ್‌ಗಳಿಗಿಂತ ಬಡ್ಜಿಗಳಲ್ಲಿ ಹೆಚ್ಚು ಕಾಣುತ್ತೇವೆ. ಎಳೆಯ ಹಕ್ಕಿಗಳಿಗೆ ಅಪಾಯ ಹೆಚ್ಚು. ಸೋಂಕು ತಗಲಿದ ಎಷ್ಟೋ ವಾರಗಳ, ಕೆಲವೊಮ್ಮೆ ತಿಂಗಳುಗಳ ಬಳಿಕ ಗರಿಗಳು ಸುರುಟಿ, ಬುಡದಲ್ಲಿ ಚಿವುಟಿದಂತೆ ಸಣ್ಣದಾಗಿ ಬರುತ್ತವೆ. ಆ ವೇಳೆಗೆ ಅದು ಎಲ್ಲಿಂದ ಬಂತೆಂದು ಯಾರಿಗೂ ನೆನಪಿರುವುದಿಲ್ಲ. ವೈರಸ್ಸಿಗೆ ಔಷಧಿಯಿಲ್ಲ. ಅದಕ್ಕೆ ಹೊರಗಿನ ಕೊಬ್ಬಿನ ಪದರವಿಲ್ಲದ ಕಾರಣ ಸಾಮಾನ್ಯ ಸೋಂಕುನಿವಾರಕಗಳಿಗೆ ಅದು ಸುಲಭವಾಗಿ ಬಗ್ಗುವುದೂ ಇಲ್ಲ. ಪಾಲಿಯೋಮಾ ವೈರಸ್ ಕೂಡ ಇದೇ ಸ್ವಭಾವದ್ದು.

ಅದಕ್ಕೇ “ಪಂಜರ ತಾಗುವುದಿಲ್ಲ” ಎಂಬ ಭರವಸೆ ನನಗೆ ಸಾಲದು. ಅಸ್ವಸ್ಥ ಹಕ್ಕಿಗಳ ಕೋಣೆ ಬೇರೆ, ಆ ಕೋಣೆಯ ಗಾಳಿ ಬೇರೆ, ಅಲ್ಲಿ ಕೆಲಸ ಮಾಡುವ ಕೈ ಬೇರೆ ಇರಬೇಕು.

ಏಳುಬಣ್ಣ:

ಮೇಡಂ ಹೇಳಿದ್ದನ್ನು ಗೌರವಿಸುತ್ತಲೇ ಒಂದು ಮಾತು ಸೇರಿಸಬೇಕೆನಿಸುತ್ತದೆ. ಹೀಗೆ ಓದಿದವರು ಹೆದರಿ, ಹಕ್ಕಿಗಳ ಬಗ್ಗೆ ಏನೂ ತಿಳಿಯದವರ ಕೈಗೆ ಪಂಜರದ ಬೀಗದ ಕೈ ಕೊಟ್ಟು ಹೋಗುವುದೂ ಉಂಟು. ಹಕ್ಕಿ ತನ್ನ ಕಾಯಿಲೆಯನ್ನು ಕೊನೆಯ ಗಳಿಗೆಯವರೆಗೂ ಬಚ್ಚಿಡುತ್ತದೆ. ಬೇಟೆಗೆ ಗುರಿಯಾಗುವ ಪ್ರಾಣಿಯ ಹುಟ್ಟುಗುಣ ಅದು. ಮೂವತ್ತು ಗ್ರಾಂ ತೂಗುವ ಬಡ್ಜಿ ಒಂದು ದಿನ ಸರಿಯಾಗಿ ತಿನ್ನದಿದ್ದರೂ ಜೀವಕ್ಕೆ ಸಂಚಕಾರ. ಬಟ್ಟಲಿನಲ್ಲಿ ಉಳಿದಿರುವುದು ಕಾಳೋ ಬರೀ ಹೊಟ್ಟೋ ಎಂದು ಊದಿ ನೋಡಬೇಕೆಂಬುದು ಗೊತ್ತಿಲ್ಲದವರು, “ತಟ್ಟೆ ತುಂಬಾ ಇದೆ” ಎಂದುಕೊಂಡು ಎರಡು ದಿನ ಹೋಗಿಬಿಟ್ಟ ಮನೆಯೊಂದನ್ನು ನಾನು ಬಲ್ಲೆ. ಅಂಥ ಸಂದರ್ಭದಲ್ಲಿ ತರಬೇತಿ ಪಡೆದ ಸಿಬ್ಬಂದಿಯಿರುವ ಚಿಕಿತ್ಸಾಲಯವೇ ಮೇಲು. ಪ್ರಶ್ನೆ ಚಿಕಿತ್ಸಾಲಯ ಬೇಕೇ ಬೇಡವೇ ಎಂಬುದಲ್ಲ, ಎಂಥ ಚಿಕಿತ್ಸಾಲಯ ಎಂಬುದು.

ಹಳೆಯಪಂಜರ:

ನನ್ನ ಅನುಭವ ಹೇಳುತ್ತೇನೆ. ಆ ಚಿಕಿತ್ಸಾಲಯದ ಹೆಸರು ಇಲ್ಲಿ ಬೇಡ, ಏಕೆಂದರೆ ತಪ್ಪಿನಲ್ಲಿ ನನ್ನ ಪಾಲೂ ಇದೆ. ನಾನು ಏನನ್ನೂ ಕೇಳದೆ ಬಿಟ್ಟುಬಂದಿದ್ದೆ.

ನಮ್ಮ ಬೂದು ಕಾಕಟೀಲ್ ಒಂಬತ್ತು ದಿನ ಅಲ್ಲಿತ್ತು. ಕರೆತಂದ ದಿನ ಚೆನ್ನಾಗಿಯೇ ಇತ್ತು, ಭುಜದ ಮೇಲೆ ಕುಳಿತು ಕಿವಿಯ ಹತ್ತಿರ ಸಿಳ್ಳೆ ಹಾಕಿತು. ನಾನು ವಾರಕ್ಕೊಮ್ಮೆ ಅಡಿಗೆಮನೆಯ ಗ್ರಾಂ ತಕ್ಕಡಿಯಲ್ಲಿ ಅದನ್ನು ತೂಗಿ ಪುಸ್ತಕದಲ್ಲಿ ಬರೆಯುತ್ತಿದ್ದೆ. ಬಿಡುವ ಮುನ್ನ 94 ಗ್ರಾಂ. ಬಂದ ದಿನ 92. ಮುಂದಿನ ವಾರ 89. ಅದರ ಮುಂದಿನ ವಾರ 84. ಹೊರನೋಟಕ್ಕೆ ಯಾವ ಬದಲಾವಣೆಯೂ ಕಾಣದಿದ್ದ ಹಕ್ಕಿ ತನ್ನ ತೂಕದ ಹತ್ತನೆಯ ಒಂದು ಭಾಗವನ್ನು ಕಳೆದುಕೊಂಡಿತ್ತು. ಆಮೇಲೆ ಪಂಜರದ ತಳದ ಕಾಗದದ ಮೇಲೆ, ಹಿಕ್ಕೆಯಲ್ಲಿ ಬಿಳಿಯಾಗಿ ಇರಬೇಕಾದ ಭಾಗ ಎಳೆ ನಿಂಬೆಯ ಹಸಿರಿಗೆ ತಿರುಗಿದ್ದನ್ನು ಕಂಡೆ. ಒಂದು ಕಣ್ಣಿನ ಸುತ್ತ ತೇವವಿತ್ತು. ಅದೇ ದಿನ ಬೇರೊಬ್ಬ ಪಕ್ಷಿವೈದ್ಯರ ಬಳಿಗೆ ಓಡಿದೆ. ಪಿಸಿಆರ್ ಪರೀಕ್ಷೆಯಲ್ಲಿ ಕ್ಲಮಿಡಿಯಾ ಖಚಿತವಾಯಿತು.

45 ದಿನ ಡಾಕ್ಸಿಸೈಕ್ಲಿನ್ ಕೊಟ್ಟೆವು. ಕ್ಯಾಲ್ಸಿಯಂ ಆ ಔಷಧಿಯನ್ನು ಹಿಡಿದಿಟ್ಟುಕೊಂಡು ದೇಹಕ್ಕೆ ದಕ್ಕದಂತೆ ಮಾಡುತ್ತದೆಯಾದ್ದರಿಂದ ಪಂಜರದಲ್ಲಿದ್ದ ಸಮುದ್ರನೊರೆಯ ತುಂಡನ್ನೂ ಖನಿಜದ ಇಟ್ಟಿಗೆಯನ್ನೂ ತೆಗೆದಿಡಲು ವೈದ್ಯರು ಹೇಳಿದರು. ಹತ್ತನೆಯ ದಿನಕ್ಕೇ ಹಕ್ಕಿ ಗೆಲುವಾಯಿತು. ಅಲ್ಲಿಗೆ ನಿಲ್ಲಿಸಿಬಿಡುವ ಆಸೆ ನನಗೂ ಆಗಿತ್ತು. ನಿಲ್ಲಿಸಲಿಲ್ಲ. ಈ ರೋಗಾಣು ಜೀವಕೋಶದ ಒಳಗೆ ಅಡಗಿಕೊಳ್ಳುವಂಥದ್ದು, ಅರ್ಧಕ್ಕೆ ಬಿಟ್ಟರೆ ಮತ್ತೆ ತಲೆಯೆತ್ತುತ್ತದೆ.

ಇದೇ ಅವಧಿಯಲ್ಲಿ ನನಗೆ ಜ್ವರ, ತಡೆಯಲಾರದ ತಲೆನೋವು, ಒಣಕೆಮ್ಮು ಬಂದವು. ನಮ್ಮ ವೈದ್ಯರಿಗೆ ಮನೆಯಲ್ಲಿ ರೋಗ ಖಚಿತವಾದ ಹಕ್ಕಿಯಿದೆ ಎಂದು ನಾನೇ ಬಾಯಿಬಿಟ್ಟು ಹೇಳಿದ್ದರಿಂದ ಅವರು ತಕ್ಷಣ ಸರಿಯಾದ ಔಷಧಿ ಆರಂಭಿಸಿದರು. ಮನುಷ್ಯರಲ್ಲಿ ಸಾಮಾನ್ಯವಾಗಿ 5ರಿಂದ 14 ದಿನಗಳಲ್ಲಿ ಲಕ್ಷಣ ಕಾಣಿಸಿಕೊಳ್ಳುತ್ತದೆಂದು, ಸಾಮಾನ್ಯ ನ್ಯುಮೋನಿಯಾ ಎಂದುಕೊಂಡು ಬೇರೆ ಗುಂಪಿನ ಮಾತ್ರೆ ಕೊಟ್ಟರೆ ಗುಣವಾಗದೆ ಹೋಗಬಹುದೆಂದು ಅವರು ವಿವರಿಸಿದರು. ಹಕ್ಕಿ ಸಾಕುವವರು ಜ್ವರ ಬಂದು ವೈದ್ಯರ ಬಳಿ ಹೋದಾಗ, ಕೇಳಲಿ ಬಿಡಲಿ, ಮನೆಯಲ್ಲಿ ಹಕ್ಕಿಯಿದೆ ಎಂದು ಹೇಳಲೇಬೇಕು. ಗರ್ಭಿಣಿಯರು ಮತ್ತು ರೋಗನಿರೋಧಕ ಶಕ್ತಿ ಕಡಿಮೆಯಿರುವವರು ಅಂಥ ಹಕ್ಕಿಯ ಪಂಜರವನ್ನು ತೊಳೆಯುವ ಕೆಲಸಕ್ಕೆ ಹೋಗಲೇಬಾರದು. ಉಳಿದವರು ಒಣ ಹಿಕ್ಕೆಯನ್ನು ಕೆರೆಯುವ ಮುನ್ನ ನೀರು ಸಿಂಪಡಿಸಿ ನೆನೆಸಬೇಕು, ಎನ್95 ಮಾಸ್ಕ್ ತೊಡಬೇಕು.

ಆರೈಕೆಕೋಣೆ:

ನಾನು ಪಕ್ಷಿಗಳನ್ನೂ ನೋಡುವ ಚಿಕಿತ್ಸಾಲಯವೊಂದರಲ್ಲಿ ಎಂಟು ವರ್ಷದಿಂದ ಸಹಾಯಕನಾಗಿದ್ದೇನೆ. ಗಾಳಿಯ ಬಗ್ಗೆ ಡಾಕ್ಟರ್ ಹೇಳಿದರು. ನಾನು ಕೈ ಮತ್ತು ಸಲಕರಣೆಗಳ ಬಗ್ಗೆ ಹೇಳುತ್ತೇನೆ, ಏಕೆಂದರೆ ಒಡೆಯರು ನೋಡಲು ಬಂದಾಗ ಇವು ಕಣ್ಣಿಗೆ ಬೀಳುವುದಿಲ್ಲ.

ಒಂದು ಹಕ್ಕಿಯನ್ನು ಪರೀಕ್ಷಿಸಲು ಅದನ್ನು ಟವೆಲ್‌ನಲ್ಲಿ ಸುತ್ತುತ್ತೇವೆ. ಅದರ ಗರಿಪುಡಿ, ಉಗುಳು, ಹಿಕ್ಕೆ ಎಲ್ಲವೂ ಆ ಬಟ್ಟೆಗೆ ಅಂಟುತ್ತವೆ. ಮುಂದಿನ ಹಕ್ಕಿಗೂ ಅದೇ ಟವೆಲ್ ಬಳಸಿದರೆ, ಪಂಜರಗಳನ್ನು ಎಷ್ಟು ದೂರವಿಟ್ಟರೂ ವ್ಯರ್ಥ. ತೂಕದ ಯಂತ್ರದ ಮೇಲೆ ಇರಿಸುವ ಮರದ ಕಡ್ಡಿ, ಉಗುರು ಕತ್ತರಿಸುವ ಸಾಧನ, ಕೊಕ್ಕು ತೇಯುವ ಯಂತ್ರದ ತುದಿ, ಗಂಟಲಿಗೆ ಆಹಾರ ಇಳಿಸುವ ಕೊಳವೆ ಇವೆಲ್ಲ ಹಾಗೆಯೇ. ಇವುಗಳಲ್ಲಿ ನನಗೆ ಹೆಚ್ಚು ಚಿಂತೆ ಮರದ ಕಡ್ಡಿಯದ್ದು. ಮರ ತೇವ ಹೀರುತ್ತದೆ, ಅದರ ಬಿರುಕುಗಳಲ್ಲಿ ಹಿಕ್ಕೆ ಕೂತರೆ ತೊಳೆದರೂ ಹೋಗುವುದಿಲ್ಲ, ರಾತ್ರಿ ರಕ್ತ ಹೀರಿ ಹಗಲು ಅಡಗುವ ಕೆಂಪು ನುಸಿಗಳಿಗೂ ಅದೇ ಮನೆ. ನಾವು ಬಿಟ್ಟುಹೋಗುವ ಹಕ್ಕಿಗಳಿಗೆ ಅವುಗಳದೇ ಪಂಜರ, ಕಡ್ಡಿ, ಬಟ್ಟಲುಗಳನ್ನು ಮನೆಯಿಂದ ತರಲು ಹೇಳುತ್ತೇವೆ. ಪರಿಚಿತ ವಸ್ತುಗಳಿದ್ದರೆ ಹಕ್ಕಿಯ ಗಾಬರಿಯೂ ಕಡಿಮೆಯಾಗುತ್ತದೆ.

ಶುಚಿ ಮಾಡುವುದರಲ್ಲೂ ಒಂದು ಕ್ರಮವಿದೆ. ಮೊದಲು ಸೋಪಿನ ನೀರಿನಲ್ಲಿ ಉಜ್ಜಿ ಕೊಳೆಯನ್ನೆಲ್ಲ ತೆಗೆಯಬೇಕು. ಹಿಕ್ಕೆಯ ಮೇಲೆಯೇ ಔಷಧಿ ಸುರಿದರೆ ಅದು ಕೆಲಸ ಮಾಡುವುದಿಲ್ಲ. ಆಮೇಲೆ 32 ಪಾಲು ನೀರಿಗೆ 1 ಪಾಲು ಬ್ಲೀಚ್ ಬೆರೆಸಿ, ಕನಿಷ್ಠ 10 ನಿಮಿಷ ಮೇಲ್ಮೈ ಒದ್ದೆಯಾಗಿಯೇ ಇರುವಂತೆ ನೋಡಿಕೊಂಡು, ಬಳಿಕ ಚೆನ್ನಾಗಿ ತೊಳೆದು ಒಣಗಿಸಬೇಕು. ಸಿಂಪಡಿಸಿ ಕೂಡಲೇ ಒರೆಸಿಬಿಡುವುದು ಶುಚಿಯಾದಂತೆ ಕಾಣಿಸುತ್ತದೆ, ಅಷ್ಟೇ. ಈ ಕೆಲಸ ನಡೆಯುವಾಗ ಹಕ್ಕಿ ಆ ಕೋಣೆಯಲ್ಲಿ ಇರಲೇಬಾರದು. ಹಕ್ಕಿಯ ಶ್ವಾಸಕೋಶದ ಜೊತೆಗೆ ಮೈಯೊಳಗೆಲ್ಲ ಹರಡಿರುವ ಗಾಳಿಚೀಲಗಳಿರುವುದರಿಂದ ನಮಗೆ ಬರೀ ಮೂಗು ಉರಿಸುವ ವಾಸನೆ ಅದಕ್ಕೆ ಮಾರಕವಾಗಬಲ್ಲದು.

ದಿನದ ಕೆಲಸದಲ್ಲಿ ನಾವು ಪಾಲಿಸುವ ನಿಯಮ ಹೀಗಿದೆ: ಬೆಳಿಗ್ಗೆ ಮೊದಲು ಆರೋಗ್ಯವಂತ ಅತಿಥಿ ಹಕ್ಕಿಗಳಿಗೆ ನೀರು, ಆಹಾರ; ಅನಂತರ ಗಾಯಗೊಂಡವು; ಕಟ್ಟಕಡೆಗೆ ಸೋಂಕಿನ ಕೋಣೆ. ಅಲ್ಲಿಂದ ಬಂದವರು ಮೇಲಂಗಿ ಬದಲಿಸದೆ, ಪಾದರಕ್ಷೆ ಬದಲಿಸದೆ ಹಿಂದಿನ ಕೋಣೆಗೆ ಕಾಲಿಡುವಂತಿಲ್ಲ. ಸಿಬ್ಬಂದಿ ಕಡಿಮೆಯಿರುವ ದಿನ ಇದು ಎಷ್ಟು ಕಷ್ಟವೆಂದು ಮಾಡಿದವರಿಗೇ ಗೊತ್ತು. ಆದ್ದರಿಂದ ಅಸ್ವಸ್ಥ ಹಕ್ಕಿಗಳನ್ನು ನೋಡಿಕೊಳ್ಳುವವರು ಯಾರು, ಅತಿಥಿ ಹಕ್ಕಿಗಳನ್ನು ನೋಡಿಕೊಳ್ಳುವವರು ಯಾರು ಎಂದು ಕೇಳಿ. ಕೇಳಿದರೆ ನಮಗೆ ಬೇಸರವಾಗುವುದಿಲ್ಲ.

ಏಳುಬಣ್ಣ:

ಬಹಳ ಉಪಯುಕ್ತವಾದ ವಿವರ, ಸರ್. ಹಾಗಾದರೆ ಸೇರಿಸಿಕೊಳ್ಳುವ ಪ್ರತಿ ಹಕ್ಕಿಗೂ ಪರೀಕ್ಷೆಯ ವರದಿ ಕಡ್ಡಾಯವೆಂದು ಹೇಳುವ ಚಿಕಿತ್ಸಾಲಯವನ್ನು ಆರಿಸಿಕೊಂಡರೆ ಇಷ್ಟೆಲ್ಲ ಚಿಂತೆ ತಪ್ಪುತ್ತದಲ್ಲವೇ?

ಪಕ್ಷಿವೈದ್ಯೆ:

ವರದಿ ಕೇಳುವ ಚಿಕಿತ್ಸಾಲಯ ಕೇಳದಿರುವುದಕ್ಕಿಂತ ಖಂಡಿತ ಉತ್ತಮ. ಆದರೆ ವರದಿ ಆ ಒಂದು ದಿನದ ಮಾತನ್ನಷ್ಟೇ ಹೇಳುತ್ತದೆ. ಕ್ಲಮಿಡಿಯಾ ಇರುವ ಹಕ್ಕಿ ದಿನವೂ ರೋಗಾಣುವನ್ನು ಹೊರಹಾಕುವುದಿಲ್ಲ. ಹೊರಹಾಕದ ದಿನ ಮಾದರಿ ತೆಗೆದರೆ ಫಲಿತಾಂಶ ನೆಗೆಟಿವ್ ಬರುತ್ತದೆ. ಪಿಬಿಎಫ್‌ಡಿಯಲ್ಲಿ ಇದಕ್ಕೆ ತಿರುಗಾದ ತೊಂದರೆಯೂ ಇದೆ: ಲಕ್ಷಣವಿಲ್ಲದ ಹಕ್ಕಿಗೆ ಪಾಸಿಟಿವ್ ಬಂದರೆ ಅದು ವೈರಸ್ಸನ್ನು ಸೋಲಿಸುವ ಹಂತದಲ್ಲಿರಬಹುದು, ಆದ್ದರಿಂದ 90 ದಿನಗಳ ಬಳಿಕ ಮತ್ತೊಮ್ಮೆ ನೋಡದೆ ಅದರ ಹಣೆಬರಹ ಬರೆಯಬಾರದು. 2008ರಲ್ಲಿ ಪತ್ತೆಯಾದ ಬೋರ್ನಾವೈರಸ್ ಇನ್ನೂ ಗೊಂದಲದ್ದು. ಅದು ಜಠರದ ನರಗಳನ್ನು ಕೆಡಿಸಿ, ತಿಂದ ಕಾಳು ಅರಗದೆ ಹಾಗೆಯೇ ಹಿಕ್ಕೆಯಲ್ಲಿ ಹೊರಬರುವಂತೆ ಮಾಡುತ್ತದೆ. ಆದರೆ ಸೋಂಕಿರುವ ಅನೇಕ ಹಕ್ಕಿಗಳು ವರ್ಷಗಟ್ಟಲೆ ಕಾಯಿಲೆ ಬೀಳದೆಯೇ ಇರುತ್ತವೆ. ಪರೀಕ್ಷೆ ಒಂದು ಜರಡಿ. ಅದರಿಂದ ನುಸುಳಿದ್ದನ್ನು ಹಿಡಿಯಬೇಕಾದದ್ದು ಪ್ರತ್ಯೇಕ ಕೋಣೆ, ಪ್ರತ್ಯೇಕ ಗಾಳಿ, ಪ್ರತ್ಯೇಕ ಕೈ.

ಪ್ಯಾಚೆಕೊ ರೋಗದ ಬಗ್ಗೆ ಯಾರೂ ಕೇಳಲಿಲ್ಲ, ಆದರೂ ಹೇಳಬೇಕು. ಇದೊಂದು ಹರ್ಪಿಸ್ ವೈರಸ್. ಕೊನ್ಯೂರ್ ಎಂಬ ಗಿಳಿಗಳ ಕೆಲವು ಜಾತಿಗಳು ಇದನ್ನು ಯಾವ ತೊಂದರೆಯೂ ಇಲ್ಲದೆ ಜೀವನವಿಡೀ ಹೊತ್ತಿರಬಹುದು, ಜಾಗ ಬದಲಾದ ಆತಂಕದಲ್ಲಿ ಹೊರಹಾಕಬಹುದು. ಅದೇ ಕೋಣೆಯ ಅಮೆಜಾನ್ ಗಿಳಿ ಅಥವಾ ಮಕಾವ್ ಬೆಳಿಗ್ಗೆ ಚೆನ್ನಾಗಿದ್ದು ಸಂಜೆಗೆ ಸತ್ತು ಬಿದ್ದಿರುತ್ತದೆ. ಸಮಾಧಾನದ ಸಂಗತಿಯೆಂದರೆ ಈ ವೈರಸ್ಸಿಗೆ ಹೊರಗೆ ಕೊಬ್ಬಿನ ಪದರವಿದೆ. ಶ್ರದ್ಧೆಯಿಂದ ಶುಚಿ ಮಾಡಿದರೆ ಸಾಮಾನ್ಯ ಸೋಂಕುನಿವಾರಕಕ್ಕೂ ಅದು ನಾಶವಾಗುತ್ತದೆ.

ಇನ್ನೊಂದು ವಿಷಯ, ಆ ಚಿಕಿತ್ಸಾಲಯಕ್ಕೆ ಬೇರೆ ಯಾವ ಪ್ರಾಣಿ, ಪಕ್ಷಿಗಳು ಬರುತ್ತವೆ ಎಂಬುದು. ಸಾಕುಕೋಳಿ, ಪಾರಿವಾಳ, ರಸ್ತೆಯಲ್ಲಿ ಬಿದ್ದು ಸಿಕ್ಕ ಕಾಡುಹಕ್ಕಿ ಇವೆಲ್ಲ ಅದೇ ಬಾಗಿಲಿನಿಂದ ಬಂದು ಅದೇ ಬೆಂಚಿನ ಮೇಲೆ ಕಾಯುತ್ತವೆಯೇ? ಹಕ್ಕಿಜ್ವರ, ರಾಣಿಖೇತ್ ರೋಗ ಇವುಗಳ ದಾರಿ ಅದು. ಬೆಕ್ಕಿನ ವಿಷಯದಲ್ಲಂತೂ ಸ್ವಲ್ಪವೂ ಉದಾಸೀನ ಬೇಡ. ಬೆಕ್ಕಿನ ಬಾಯಿಯಲ್ಲಿ ಸಹಜವಾಗಿರುವ ಪಾಶ್ಚುರೆಲ್ಲಾ ಬ್ಯಾಕ್ಟೀರಿಯಾ ಸೂಜಿಮೊನೆಯಷ್ಟು ಗಾಯದಿಂದ ಒಳಸೇರಿದರೂ ಹಕ್ಕಿಗೆ ರಕ್ತನಂಜಾಗಿ ಒಂದೆರಡು ದಿನಗಳಲ್ಲಿ ಸಾಯಬಹುದು. ಗಾಯ ಕಾಣದಿದ್ದರೂ ಬೆಕ್ಕು ಕಚ್ಚಿದ ಹಕ್ಕಿಗೆ ಅಂದೇ ಆಂಟಿಬಯೋಟಿಕ್ ಬೇಕು.

ಆಸ್ಪರ್ಜಿಲ್ಲೋಸಿಸ್ ಎಂಬ ಬೂಷ್ಟುರೋಗವನ್ನೂ ಜನರು ಅಂಟುರೋಗವೆಂದೇ ಭಾವಿಸುತ್ತಾರೆ. ಅದು ಹಕ್ಕಿಯಿಂದ ಹಕ್ಕಿಗೆ ಹರಡುವುದಿಲ್ಲ. ಒದ್ದೆಯಾದ ಹಾಸು, ಮುಗ್ಗಲು ಕಾಳು, ಗಾಳಿಯಾಡದ ಕೋಣೆ ಇವುಗಳಿಂದ ಬರುತ್ತದೆ. ಆದರೂ ಇರಿಸುವ ಜಾಗದ ಲೋಪವನ್ನು ಇದರಷ್ಟು ಸ್ಪಷ್ಟವಾಗಿ ತೋರಿಸುವ ರೋಗ ಇನ್ನೊಂದಿಲ್ಲ. ಪಂಜರದ ತಳದಲ್ಲಿ ಕಾಗದವಿದೆಯೇ, ಅದನ್ನು ದಿನವೂ ಬದಲಿಸುತ್ತಾರೆಯೇ ಎಂದು ನೋಡಿಕೊಳ್ಳಿ. ಕಾಗದವಿದ್ದರೆ ಹಿಕ್ಕೆಯ ಬಣ್ಣವೂ ತಕ್ಷಣ ಕಾಣುತ್ತದೆ.

ಹಳದಿಜುಟ್ಟು:

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ನಿನ್ನೆ ಮತ್ತೆ ಅದೇ ಚಿಕಿತ್ಸಾಲಯಕ್ಕೆ ಹೋಗಿ ವೈದ್ಯರೊಂದಿಗೇ ಮಾತಾಡಿದೆ. ಅಸ್ವಸ್ಥ ಹಕ್ಕಿಗಳಿಗೆ ಬೇರೆ ಕೋಣೆ ಇದೆಯೇ ಎಂದು ಕೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಇಲ್ಲವೆಂದು ಪ್ರಾಮಾಣಿಕವಾಗಿ ಒಪ್ಪಿಕೊಂಡರು. ಜಾಗದ ಅಭಾವವೇ ಕಾರಣವಂತೆ. ಆ ಪ್ರಾಮಾಣಿಕತೆಯ ಮೇಲೆ ನನಗೆ ಗೌರವ ಬಂತು. ಚಿಕಿತ್ಸೆಗೆ ಇನ್ನು ಮುಂದೆಯೂ ಅವರ ಬಳಿಗೇ ಹೋಗುತ್ತೇನೆ. ಆದರೆ ಹಕ್ಕಿಗಳನ್ನು ಅಲ್ಲಿ ಬಿಡುವುದಿಲ್ಲ.

ಬೇರೆ ಹಕ್ಕಿಗಳಿಲ್ಲದ ಮನೆಯ ಸ್ನೇಹಿತೆಯೊಬ್ಬರು 12 ದಿನ ನಮ್ಮ ಮನೆಗೇ ಬಂದು ನೋಡಿಕೊಳ್ಳಲು ಒಪ್ಪಿದ್ದಾರೆ. ಏಳುಬಣ್ಣ ಅವರು ಹೇಳಿದ್ದು ಮನಸ್ಸಿಗೆ ನಾಟಿದ್ದರಿಂದ ನಿನ್ನೆ ಸಂಜೆ ಆ ಸ್ನೇಹಿತೆಯನ್ನು ಕೂರಿಸಿಕೊಂಡು ಬಟ್ಟಲನ್ನು ಊದಿ ಹೊಟ್ಟು ಹಾರಿಸುವುದು, ಕಾಗದದ ಮೇಲಿನ ಹಿಕ್ಕೆಯನ್ನು ದಿನವೂ ನೋಡುವುದು, ಎರಡು ದಿನಕ್ಕೊಮ್ಮೆ ತೂಗುವುದು ಇವನ್ನು ಮಾಡಿ ತೋರಿಸಿದೆ. ಕಾಕಟೀಲ್ ತಕ್ಕಡಿಯ ಮೇಲೆ ನಿಲ್ಲದೆ ಮೂರು ಸಲ ಹಾರಿ, ನಾಲ್ಕನೆಯ ಸಲ ಅವರ ಕೈಯಿಂದ ನವಣೆಯ ತೆನೆ ತಿನ್ನುತ್ತ ನಿಂತಿತು. 91 ಗ್ರಾಂ ಎಂದು ಪುಸ್ತಕದ ಮೊದಲ ಸಾಲಿನಲ್ಲಿ ಅವರೇ ಬರೆದರು. ಆರು ಗ್ರಾಂ ಇಳಿದರೆ ನನಗಾಗಿ ಕಾಯದೆ ನೇರವಾಗಿ ವೈದ್ಯರ ಬಳಿಗೆ ಒಯ್ಯಬೇಕೆಂದು ಹೇಳಿ, ಸಣ್ಣ ಸಾಗಣೆಪಂಜರವನ್ನು ಬಾಗಿಲ ಪಕ್ಕದಲ್ಲಿ ಇಟ್ಟಿದ್ದೇನೆ.

ಹಳೆಯಪಂಜರ:

ಒಳ್ಳೆಯ ನಿರ್ಧಾರ. ಹಾಗೆ ಒಯ್ಯಬೇಕಾಗಿ ಬಂದರೆ ಕಾಯುವ ಕೋಣೆಯಲ್ಲಿ ಕೂರದೆ, ಸರದಿ ಬರುವವರೆಗೆ ಪಂಜರಕ್ಕೆ ತೆಳು ಬಟ್ಟೆ ಹೊದಿಸಿ ಹೊರಗೆ ನೆರಳಿನಲ್ಲೋ ವಾಹನದಲ್ಲೋ ಜೊತೆಗೇ ಇರಲು ಅವರಿಗೆ ಹೇಳಿ. ಮರಳಿ ಬಂದ ಮೇಲೆ ಆ ಹಕ್ಕಿಯನ್ನು ಬಡ್ಜಿಗಳಿರುವ ಕೋಣೆಗೆ ಕೂಡಲೇ ಸೇರಿಸಬೇಡಿ. ಕನಿಷ್ಠ 30 ದಿನ ಬೇರೆ ಕೋಣೆಯಲ್ಲಿಟ್ಟು, ಬಡ್ಜಿಗಳ ಕೆಲಸ ಮುಗಿಸಿದ ಮೇಲೆಯೇ ಅದರ ಬಳಿಗೆ ಹೋಗಿ.